ಮರವಂತೆಯಲ್ಲಿ ಎಡಕ್ಕೆ ಎಳೆಯುವ ಕಾರು

ಗಾಡಿ ನೆಟ್ಟಗೆ ಹೋಗದಿದ್ದರೆ ಜನ ಮೊದಲು ರಸ್ತೆಯನ್ನು ಬೈಯುತ್ತಾರೆ, ಆಮೇಲೆ ನನ್ನನ್ನು, ಎರಡೂ ಸಾಲದಿದ್ದರೆ ಸತ್ತವರನ್ನು. ಕುಂದಾಪುರದಲ್ಲಿ ವೀಲ್ ಅಲೈನ್‌ಮೆಂಟ್ ಅಂಗಡಿ ಇಟ್ಟು ಮೂವತ್ತು ವರ್ಷವಾಯಿತು, ಇದು ತಪ್ಪಿದ್ದಿಲ್ಲ. ಹೋದ ವರ್ಷವಂತೂ ಒಂದೇ ಕಾರಿನಲ್ಲಿ ಮೂರೂ ಆಯಿತು.

೧. ಯಜಮಾನರ ಕಾರು

ಕೋಡಿಯ ಮೀನು ವ್ಯಾಪಾರದ ಅಕ್ಕ ಒಬ್ಬರು ತೀರಿಹೋದ ಗಂಡನ ಕಾರನ್ನು ತಂದರು. ಗಂಡ ಬೋಟಿನ ಯಜಮಾನರಾಗಿದ್ದರು. ಕಾರಿಗೆ ನನಗಿಂತ ವಯಸ್ಸು ಹೆಚ್ಚು, ಬ್ರೇಕು ಹೆಸರಿಗೆ ಮಾತ್ರ. ಬೈಂದೂರಿನಲ್ಲಿರುವ ಬಸುರಿ ಮಗಳನ್ನು ಹೆರಿಗೆಗೆ ಅಪ್ಪನ ಕಾರಿನಲ್ಲೇ ಕರೆತರಬೇಕು, ಅದೂ ತಾನೇ ಓಡಿಸಿಕೊಂಡು ಎಂಬುದು ಅಕ್ಕನ ಹಟ. ಐವತ್ತೈದರಲ್ಲಿ ಡ್ರೈವಿಂಗ್ ಕಲಿತದ್ದೇ ಅದಕ್ಕೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿ ಅಲೈನ್‌ಮೆಂಟ್ ಮಾಡಿಕೊಟ್ಟೆ.

ನಾಲ್ಕೇ ದಿನಕ್ಕೆ ಕಾರು ಟೋ ಆಗಿ ವಾಪಸ್ಸು ಬಂತು. ಮರವಂತೆಯಲ್ಲಿ ಸ್ಟಿಯರಿಂಗ್ ತಾನಾಗಿ ಕಡಲಿನ ಕಡೆ ಎಳೆಯಿತಂತೆ. ಅಕ್ಕನ ಅಣ್ಣ ರಸ್ತೆಯನ್ನು ಬೈದರು, ನನ್ನನ್ನೂ ಬೈದರು. ಎಳೆದದ್ದು ಯಜಮಾನರೇ ಎಂಬ ಸುದ್ದಿ ಬೈಂದೂರಿಗೆ ಮುಟ್ಟಿ, ಸತ್ತವರು ಕೂತ ಗಾಡಿಯಲ್ಲಿ ಬಸುರಿಯನ್ನು ಕಳಿಸುವುದಿಲ್ಲ ಎಂದು ಬೀಗಿತ್ತಿ ಹೇಳಿಬಿಟ್ಟರು.

ಮತ್ತೆ ಮಿಷನ್ನಿಗೆ ಹಾಕಿದೆ. ಎಲ್ಲ ಅಳತೆಯೂ ಸರಿ. ಮಿಷನ್ನಿನಲ್ಲಿ ಎಂತದೂ ಕಾಣುವುದಿಲ್ಲ ಎಂದೆ.

"ಬದ್ಕಿಪ್ಪತಿಗೇ ಅವ್ರ್ ಯಾರ್ ಕೈಗೂ ಸಿಕ್ದವ್ರಲ್ಲ," ಎಂದರು ಅಕ್ಕ. "ಈಗ ನಿಮ್ ಮಿಷನ್ನಿಗ್ ಸಿಕ್ತ್ರಾ?"

೨. ಟೆಸ್ಟ್ ಡ್ರೈವ್

ಮರುದಿನ ಮಧ್ಯಾಹ್ನ ನಾನೊಬ್ಬನೇ ಓಡಿಸಿದೆ. ತ್ರಾಸಿ ದಾಟುವವರೆಗೆ ಕಾರು ಹೇಳಿದ ಹಾಗೆ ಕೇಳಿತು. ಮರವಂತೆಯಲ್ಲಿ ಎಡಕ್ಕೆ ಕಡಲು ಕಾಣಿಸಿತು ನೋಡಿ, ಸ್ಟಿಯರಿಂಗನ್ನು ಆಚೆಯಿಂದ ಯಾರೋ ಹಿಡಿದು ಎಳೆದಂತಾಯಿತು. ಎಕ್ಸಲೇಟರ್ ಒತ್ತಿದರೂ ಕಾರು ನಿಧಾನವಾಯಿತು. ಪಕ್ಕದ ಸೀಟಿನ ಕಿಟಕಿ ಗ್ಲಾಸು ಯಾರೂ ಮುಟ್ಟದೆ ಮೆಲ್ಲಗೆ ಕೆಳಗಿಳಿಯಿತು, ಪೂರ್ತಿ. ಗಾಳಿಯ ಜೊತೆ ಸುಟ್ಟ ವಾಸನೆ ಒಳಗೆ ಬಂತು.

ನಿಲ್ಲಿಸಿದೆ. ಎಡಗಡೆಯಿಂದ ಟಿಕ್, ಟಿಕ್ ಎಂದು ಸದ್ದು. ಹೆದರಿದೆ, ಸುಳ್ಳು ಏಕೆ ಹೇಳಲಿ. "ಯಜಮಾನ್ರೆ, ನಾನ್ ಬರೀ ಮೆಕ್ಯಾನಿಕ್," ಎಂದು ಖಾಲಿ ಸೀಟಿಗೆ ಹೇಳಿ, ಕಾರನ್ನು ಕೀಲಿ ಸಮೇತ ಅಲ್ಲೇ ಬಿಟ್ಟು ಬಸ್ಸು ಹತ್ತಿದೆ.

ಬಸ್ಸಿನಿಂದಲೇ ಅಕ್ಕನಿಗೆ ಫೋನ್ ಮಾಡಿ, ಒಮ್ಮೆ ಪ್ರಶ್ನೆ ಇಡಿಸಿ ನೋಡಿ ಎಂದು ಜೋಯಿಸರ ನಂಬರ್ ಕೊಟ್ಟೆ. ಚಕ್ರ ಬಿಚ್ಚಿ ನೋಡದೆ ಕವಡೆ ಹಾಕಿಸಲು ಹೇಳಿದ ಮೆಕ್ಯಾನಿಕ್ ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

೩. ಹೊಳೆ ಮೀನು

ಅಕ್ಕ ಜೋಯಿಸರಲ್ಲಿಗೆ ಹೋಗಲಿಲ್ಲ. ಸೀದಾ ಮರವಂತೆಗೆ ಹೋಗಿ, ಕಾರು ಹತ್ತಿ, ಬೈಂದೂರಿಗೆ ಓಡಿಸಿದರು. ಬೀಗಿತ್ತಿ ಒಪ್ಪಲಿಲ್ಲ. ಒಬ್ಬರೇ ಅದೇ ದಾರಿಯಲ್ಲಿ ವಾಪಸ್ಸು ಬಂದವರು ನನ್ನ ಅಂಗಡಿ ಮುಂದೆ ಇಳಿದರು. ಅತ್ತಿರಬೇಕು, ಕಣ್ಣು ಕೆಂಪಗಿತ್ತು.

"ಹ್ವಾಯ್, ಅವತ್ತ್ ಹೋಪತಿಗೆ ಕಡಲ್ ಬದಿಗೆ ಎಳಿತ್, ಅವ್ರೇ ಅಂದ್ಕಂಡೆ. ಬಪ್ಪತಿಗೆ ಹೊಳಿ ಬದಿಗೆ ಎಳಿತಲೆ?"

ಮರವಂತೆಯಲ್ಲಿ ಹೋಗುವಾಗ ಎಡಕ್ಕೆ ಕಡಲು, ಬರುವಾಗ ಎಡಕ್ಕೆ ಹೊಳೆ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ತೀರ್ಪು ಕೊಟ್ಟರು.

"ಕೆಸ್ರ್ ವಾಸ್ನಿ ಅಂದ್ಕಂಡ್ ಹೊಳಿ ಮೀನ್ ಬಾಯಿಗಿಟ್ಟವ್ರಲ್ಲ ಅವ್ರ್. ಸತ್ ಮೇಲ್ ಹೊಳಿಗ್ ಹೋತ್ರಾ? ಇದ್ ಅವ್ರಲ್ಲ. ಚಕ್ರ ಬಿಚ್ಚಿ."

ಬಿಚ್ಚಿದೆ. ಎಡಚಕ್ರಕ್ಕೆ ಬ್ರೇಕ್ ಎಣ್ಣೆ ಹೋಗುವ ಹೋಸನ್ನು ನಾನೇ ತಿರುಚಿ ಕೂರಿಸಿದ್ದೆ. ಒತ್ತಿದ ಬ್ರೇಕು ಪೂರ್ತಿ ಬಿಡದೆ, ಓಡಿದಷ್ಟೂ ಬಿಸಿಯಾಗಿ ಹಿಡಿದುಕೊಳ್ಳುತ್ತಿತ್ತು. ಸುಟ್ಟ ವಾಸನೆಯೂ ಟಿಕ್ ಟಿಕ್ ಸದ್ದೂ ಆ ಬಿಸಿಯದ್ದೇ. ಹದ ಬಿಸಿಯಾಗುವ ಹೊತ್ತಿಗೆ ಮರವಂತೆ ಬರುತ್ತಿತ್ತು, ಅಷ್ಟೆ. ನಾಚಿಕೆಯಿಂದ ತಲೆ ಎತ್ತದೆ ಹೋಸ್ ಬದಲಾಯಿಸಿ ಅಲೈನ್‌ಮೆಂಟ್ ಮತ್ತೆ ಮಾಡಿದೆ.

ಹೊಳೆ ಮೀನಿನ ಲೆಕ್ಕ ಬೀಗಿತ್ತಿಗೂ ಸರಿ ಕಂಡಿತು. ಮುಂದಿನ ವಾರ ಮಗಳನ್ನು ಕೂರಿಸಿಕೊಂಡು ಬರುತ್ತಾ ಅಕ್ಕ ಅಂಗಡಿ ಮುಂದೆ ಹಾರ್ನ್ ಹೊಡೆದರು. ಕಾರು ದಾರದ ಹಾಗೆ ನೆಟ್ಟಗೆ ಬಂತಂತೆ. ಆ ಕಿಟಕಿ ಗ್ಲಾಸನ್ನೂ ಸರಿ ಮಾಡಿಕೊಡುತ್ತೇನೆ ಎಂದು ಸ್ಕ್ರೂಡ್ರೈವರ್ ಹಿಡಿದು ಹೋದೆ.

"ಅದ್ ಬ್ಯಾಡ," ಎಂದರು ಅಕ್ಕ. "ಹೋಪತಿಗೆ ಮಾತ್ರ ಇಳಿತ್. ಬಪ್ಪತಿಗೆ ಇಳುದಿಲ್ಲ."

ಈಗ ಆ ಕಾರು ಸರ್ವೀಸಿಗೆ ಬಂದರೆ, ಜೇಬಿನಲ್ಲಿ ಬಸ್ಸಿಗೆ ಚಿಲ್ಲರೆ ಇದೆಯೇ ನೋಡಿಕೊಂಡೇ ಹತ್ತಿರ ಹೋಗುತ್ತೇನೆ.