ಮಾವನ ಪೈಪು, ಮನೆ ಮಂದಿಯ ಉಪಚಾರ

ನಮ್ಮ ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ರೋಗಕ್ಕಿಂತ ಮೊದಲು ಫಜೀತಿಯೇ ಬಂದು ಮಂಚ ಹಿಡಿಯುತ್ತದೆ. ಜೊತೆಗಿರಲು ಪ್ರತಿಸಲವೂ ನಾನೇ ಹೋಗಬೇಕು, ಏಕೆಂದರೆ ಹತ್ತನೇ ತರಗತಿ ಮುಗಿಸಿದ ಸೊಸೆ ನಾನೊಬ್ಬಳೇ. ಡಾಕ್ಟರ ಅಕ್ಷರ ಓದಲು ಹತ್ತನೇ ತರಗತಿ ಸಾಲದು ಎಂದರೆ ಯಾರೂ ನಂಬುವುದಿಲ್ಲ.

ಈ ಸಲ ಮಾವನ ಸರದಿ. ಮಸರಕಲ್‌ನಿಂದ ರಾಯಚೂರಿಗೆ ಕರೆತಂದು ಹರ್ನಿಯಾ ಆಪರೇಷನ್ ಮಾಡಿಸಿದೆವು. ಆಪರೇಷನ್ ಚೆನ್ನಾಗಿಯೇ ಆಯಿತು, ಆದರೆ ಆಮೇಲೆ ಮೂತ್ರ ಕಟ್ಟಿತು. ಪೈಪು ಹಾಕಿ, ಅದರ ತುದಿಗೆ ಚೀಲ ಜೋಡಿಸಿದರು. ನನ್ನ ಗಂಡನದು ಶಕ್ತಿನಗರದಲ್ಲಿ ಗುತ್ತಿಗೆ ಕೆಲಸ, ರಜೆ ಸಿಗಲಿಲ್ಲ. ಒಂದೂವರೆ ವರ್ಷದ ಮಗಳನ್ನು ಮಾನ್ವಿಯ ತವರಿನಲ್ಲಿ ಬಿಟ್ಟು ನಾನು, ಅತ್ತೆ, ಭಾವ ಮೂವರೂ ಮಂಚದ ಸುತ್ತ ಕೂತೆವು.

ಸಿಸ್ಟರ್ ಮೊದಲೇ ಹೇಳಿದ್ದರು. "ಅಜ್ಜಾರಿಗೆ ಸಕ್ಕರಿ ಕಾಯಿಲೆ ಅದ. ಈ ಪೈಪಿನಗುಂಟ ಕ್ರಿಮಿ ಒಳಗ ಹತ್ತಿದ್ವು ಅಂದ್ರ ಜ್ವರ ಬರ್ತದ, ಕಿಡ್ನಿ ತನಕ ಹೋಗ್ತದ. ಆ ಮೂಲಿ ಮಂಚ ನೋಡ್ರಿ."

ಮೂಲೆಯ ಮಂಚ ಖಾಲಿ ಇತ್ತು. ಅಲ್ಲಿದ್ದವರು ಇಂಥದೇ ಜ್ವರದಲ್ಲಿ ಗಡಗಡ ನಡುಗುತ್ತಾ ಬೆಳಿಗ್ಗೆಯಷ್ಟೇ ಐಸಿಯು ಸೇರಿದ್ದರು. ನಾವು ಮೂವರೂ ಹೆದರಿ ತಲೆ ಆಡಿಸಿದೆವು. ತಲೆ ಆಡಿಸುವುದರಲ್ಲಿ ನಮ್ಮ ಮನೆತನ ಎಂದೂ ಹಿಂದೆ ಬಿದ್ದಿಲ್ಲ.

ಬೆಚ್ಚಗಿನ ಬುತ್ತಿ

ಸಿಸ್ಟರ್ ಚೀಲವನ್ನು ಮಂಚದ ಕೆಳಪಟ್ಟಿಗೆ ತೂಗುಹಾಕಿದ್ದರು. ಹೊಟ್ಟೆಗಿಂತ ಕೆಳಗಿರಬೇಕು, ನೆಲಕ್ಕೂ ತಾಗಬಾರದು. ಅತ್ತೆಗೆ ಅದು ಮಾನದ ಪ್ರಶ್ನೆ. ತಮ್ಮ ಮಗಳನ್ನು ಕೊಟ್ಟ ಬೀಗರು ದೇವದುರ್ಗದಿಂದ ನೋಡಲು ಬರುವವರಿದ್ದರು.

"ಬೀಗರ ಮುಂದ ಗಂಡನ ಉಚ್ಚಿ ತೋರಣ ಕಟ್ಟಿದಂಗ ಕಟ್ಲೇನು?" ಎಂದರು.

ನಾನು ಚಹಾ ತರಲು ಹೋದದ್ದೇ ತಡ, ರೊಟ್ಟಿ ತಂದಿದ್ದ ಕೈಚೀಲದೊಳಗೆ ಅದನ್ನು ತುರುಕಿ, ಬಾಯಿ ಮಡಚಿ, ಮಾವನ ತೋಳಿನ ಪಕ್ಕ ಇಟ್ಟುಬಿಟ್ಟರು. ನಾನು ಬರುವಷ್ಟರಲ್ಲಿ ಬೀಗರು ಬಂದಿದ್ದರು. ಬೀಗಿತ್ತಿ ಮಂಚದ ಅಂಚಿಗೆ ಕೂತು, ಪ್ರೀತಿಯಿಂದ ಕೈಚೀಲದ ಮೇಲೆ ಕೈ ಇಟ್ಟರು.

"ಅಯ್ಯ ಯವ್ವಾ, ಇನ್ನೂ ಬೆಚ್ಚಗ ಅದ! ಸಾರು ಮನಿಯಿಂದ ತಂದ್ರೇನು?"

ಅತ್ತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಮಾವನೇ ಕಣ್ಣು ಮುಚ್ಚಿಕೊಂಡು ಹೇಳಿದರು, "ಇಲ್ರೀ, ಇಲ್ಲೇ ಮಾಡಿದ್ದು."

ನೀರು ಬಂದ್

ಸಿಸ್ಟರ್ ಬಂದು ಬೈದು ಚೀಲವನ್ನು ಮತ್ತೆ ಕೆಳಗೆ ಹಾಕಿದರು. "ಮ್ಯಾಲ ಇಟ್ರ ಚೀಲದಾಗಿಂದು ವಾಪಸ್ ಹೊಟ್ಟಿಗೆ ಹೋಗ್ತದ, ಕ್ರಿಮಿನೂ ಕರಕೊಂಡು."

ಅತ್ತೆ ಒಪ್ಪಿದರು. ಒಪ್ಪಿ ಬೇರೆ ಉಪಾಯ ಹುಡುಕಿದರು. ಚೀಲವೇ ತುಂಬದಿದ್ದರೆ ಯಾರೂ ನೋಡುವುದಿಲ್ಲವಲ್ಲ? ಮಾವ ನೀರು ಕೇಳಿದರೆ ನಾಲಿಗೆ ಒದ್ದೆಯಾಗುವಷ್ಟು ಕೊಟ್ಟು ಲೋಟ ಕಸಿದುಕೊಳ್ಳತೊಡಗಿದರು. ಚೀಲದೊಳಗಿನ ಬಣ್ಣ ಕಡಕ್ ಚಹಾದಂತಾಯಿತು.

"ಅಜ್ಜಾರು ನೀರು ಕುಡಿಯಾಕತ್ತಿಲ್ಲೇನು?" ಸಿಸ್ಟರ್ ಕೇಳಿದರು.

"ಹೆಂಗ ಕೊಡ್ಲಿ ಯವ್ವಾ? ಕೆಳಗ ಹಿಂಗ ತುಂಬಾಕತ್ತದ, ಮ್ಯಾಲಿಂದ ಮತ್ತ ಸುರುದ್ರ ಒಡೀತದ."

"ಖಾಲಿ ಮಾಡಾಕ ಅದಕ್ಕ ಕೆಳಗ ಬಾಯಿ ಅದರೀ! ನೀರು ಹರಿದಷ್ಟೂ ಛಲೋ."

ಪಕ್ಕದ ಮಂಚದ ಚಾಚಾನ ಹೆಂಡತಿ, ಬಜಾರಿನಲ್ಲಿ ಬಳೆ ಮಾರುವ ಚಾಚಿ, ಇದನ್ನೆಲ್ಲಾ ಕೇಳುತ್ತಾ ಕೂತಿದ್ದರು. "ದೇಖೋ ಬೇಟಿ," ಎಂದರು ನನಗೆ, "ಆ ಕಡಿ ಕೃಷ್ಣಾ, ಈ ಕಡಿ ತುಂಗಭದ್ರಾ. ನಡುವ ಕುಂತು ನಲ್ಲಿಗಿ ನೀರಿಲ್ಲ ಅಂತ ಅಳ್ತಿದ್ವಿ. ಈಗ ಮಂಚಕ್ಕೂ ನೀರು ಬಂದ್ ಮಾಡೋ ವಾಲ್‌ಮನ್ ಒಬ್ರು ಬಂದ್ರು ನೋಡು."

ಭಾವನ ಕೈ

ಚೀಲ ಖಾಲಿ ಮಾಡುವ ಕೆಲಸ ಭಾವನ ಪಾಲಿಗೆ ಬಂತು. ಸಿಸ್ಟರ್ ಕೈ ತೊಳೆದುಕೊಂಡು ಬರಲು ಹೇಳಿದರು.

"ಆಮ್ಯಾಲ ತೊಳ್ಕೋತೀನಿ ಬಿಡ್ರಿ."

"ಮೊದ್ಲೂ ತೊಳೀಬೇಕು, ಆಮ್ಯಾಲೂ ತೊಳೀಬೇಕು."

"ಮೊದ್ಲ ಯಾಕ್ರೀ? ಹೊಲಸು ಇರೋದು ಚೀಲದಾಗ."

"ಚೀಲದಾಗಿಂದು ಹೊರಗ ಹೋಗ್ತದರೀ. ನಿಮ್ಮ ಕೈಯಾಗಿಂದು ಒಳಗ ಹೋಗ್ತದ."

ಉಚ್ಚೆಗಿಂತ ತನ್ನ ಕೈ ಹೊಲಸು ಎಂದು ಊರಲ್ಲಿ ಯಾರೂ ಭಾವನಿಗೆ ಅಂದಿರಲಿಲ್ಲ. ಹಟಕ್ಕೆ ಬಿದ್ದು ಸೋಪು ಹಚ್ಚಿ ಮೊಣಕೈ ತನಕ ತಿಕ್ಕಿ ತೊಳೆದು, ಎರಡೂ ಕೈ ಮೇಲೆತ್ತಿ, ತಾವೇ ಆಪರೇಷನ್ ಮಾಡುವವರ ಹಾಗೆ ನಡೆದು ಬಂದರು. ವಾರ್ಡೆಲ್ಲಾ ದಾರಿ ಬಿಟ್ಟಿತು. ಮಂಚದ ಹತ್ತಿರ ನಿಂತರು. ಇಷ್ಟು ದೊಡ್ಡ ಕೆಲಸಕ್ಕೆ ಮೊದಲು ಒಂದು ಚಿಟಿಕೆ ಬೇಕೆನಿಸಿತೋ ಏನೋ, ಜೇಬಿನಿಂದ ತಂಬಾಕು ತೆಗೆದು, ಸುಣ್ಣ ಹಚ್ಚಿ, ಅದೇ ಅಂಗೈಯಲ್ಲಿ ತಿಕ್ಕಿ, ತುಟಿಯೊಳಗೆ ಇಟ್ಟು, ಧೋತರಕ್ಕೆ ಕೈ ಒರೆಸಿ ಚೀಲಕ್ಕೆ ಕೈ ಹಾಕಿದರು.

ಸಿಸ್ಟರ್ ಕೂಗಿದ ಕೂಗಿಗೆ ಮಾವ ಎದ್ದು ಕೂತರು.

"ಈಗರ ತೊಳ್ದೀನಲ್ರೀ, ನೀವೇ ನೋಡೀರಿ!" ಎಂದು ಭಾವನ ವಾದ.

ನಾನು ಸುಮ್ಮನಿರಲಾಗದೆ ಹೇಳಿದೆ, "ಭಾವಾರ, ಅದು ತಂಬಾಕಿನ ಸಲುವಾಗಿ ತೊಳ್ದಿದ್ದು ಆತು. ಈಗ ನಿಮ್ಮಪ್ಪನ ಸಲುವಾಗಿ ಒಮ್ಮಿ ತೊಳ್ಕೊಂಡು ಬರ್ರಿ."

ಬಿಡಲೊಲ್ಲದ ಸುಖ

ಪೈಪು ಮರುದಿನವೇ ತೆಗೆಯಬೇಕಿತ್ತು. ನಡುವೆ ಹಬ್ಬದ ರಜೆ ಬಂತು, ಡಾಕ್ಟರು ಬದಲಾದರು, ಪೈಪು ಮಾತ್ರ ಉಳಿಯಿತು. ಒಂದು ಬೆಳಿಗ್ಗೆ ಅತ್ತೆ ಮಾವನ ಹಣೆ ಮುಟ್ಟಿ, "ಯಾಕೋ ಬಿಸಿ ಅದ" ಎಂದಾಗ ನನಗೆ ಕಂಡದ್ದು ಆ ಖಾಲಿ ಮಂಚವೇ. ಡಾಕ್ಟರು ನೋಡಲು ಬಂದಾಗ ಕೇಳಿಯೇ ಬಿಟ್ಟೆ.

"ಸಾಹೇಬ್ರ, ಈ ಪೈಪ್ ನಮ್ಮ ಮಾವಾರಿಗೆ ಉಡುಗೊರಿ ಕೊಟ್ಟೀರೇನು?"

ಡಾಕ್ಟರು ಫೈಲು ತಿರುವಿ ಹುಬ್ಬು ಗಂಟು ಹಾಕಿದರು. "ಇದು ಇನ್ನೂ ಯಾಕ ಅದ? ಇವತ್ತೇ ತೆಗೀರಿ. ಉಚ್ಚಿ ಪರೀಕ್ಷೆಗೆ ಕಳಸ್ರಿ. ದಿನ ಹೋದಂಗ ಅಪಾಯ ಜಾಸ್ತಿ."

ಅಡ್ಡ ಬಂದವರು ಮಾವ. "ಬ್ಯಾಡ್ರಿ ಸಾಹೇಬ್ರ. ಏಳೋದಿಲ್ಲ, ತಂಬಿಗಿ ಹಿಡಿಯೋದಿಲ್ಲ, ಮಳ್ಯಾಗ ಹೊಲದ ಕಡಿ ಓಡೋದಿಲ್ಲ. ಇಂಥ ಸುಖ ಹುಟ್ಟಿದಾಗಿಂದ ಕಂಡಿಲ್ಲ. ಮನಿಗೂ ಹಿಂಗೇ ಒಯ್ತೀನಿ."

ನಮ್ಮ ಮನೆಯಲ್ಲಿ ಸೊಸೆ ಮಾವನ ಜೊತೆ ನೇರ ಮಾತಾಡುವಂತಿಲ್ಲ. ಸೆರಗು ಎಳೆದುಕೊಂಡು ಅತ್ತೆಗೆ ಹೇಳಿದೆ, "ಅತ್ತೀ, ಅವರಿಗೆ ಹೇಳ್ರಿ. ಇದು ಇದ್ರ ಜ್ವರ ಏರಿ ಐಸಿಯು ಸೇರ್ತಾರಂತ."

ಅತ್ತೆ ಗೇಣು ದೂರದಲ್ಲಿದ್ದ ಮಾವನಿಗೆ ಹೇಳಿದರು, "ಜ್ವರ ಏರ್ತದಂತ."

"ಆಕಿಗೆ ಹೇಳು, ಗುಳಿಗಿ ನುಂಗ್ತೀನಿ."

"ಅವರಿಗೆ ಹೇಳ್ರಿ, ಊರಾಗ ಕಟ್ಟಿ ಮ್ಯಾಲ ಕುಂತಾಗ ಚೀಲ ಕೆಳಗ ತೂಗಾಡ್ತದ. ಓಣಿ ನಾಯಿ ಸುಮ್ನ ಇರ್ತಾವೇನು? ಬಾಯಿ ಹಾಕಿ ಎಳೀತಾವ."

ಅತ್ತೆ ಇದನ್ನು ದಾಟಿಸುವ ಮೊದಲೇ ಮಾವ ಡಾಕ್ಟರ ಕಡೆ ತಿರುಗಿದರು. "ತೆಗೀರಿ ಸಾಹೇಬ್ರ. ಜ್ವರ ಹೆಂಗರ ತಡ್ಕೋಬಹುದು."

ವಾರ್ಡಿನ ತಾಯಂದಿರು

ಪೈಪು ತೆಗೆದರು. ನಿಜವಾದ ಪರೀಕ್ಷೆ ಆಗ ಶುರುವಾಯಿತು. ಸಂಜೆಯೊಳಗೆ ಮಾವ ತಾವಾಗಿಯೇ ಒಂದಕ್ಕೆ ಹೋಗಬೇಕು. ಹೋಗದಿದ್ದರೆ ಮತ್ತೆ ಪೈಪು, ಮತ್ತೆ ಕ್ರಿಮಿಗಳಿಗೆ ಅದೇ ಹಾದಿ. ಮೈಯಲ್ಲಿ ಆಗಲೇ ಸಣ್ಣ ಬಿಸಿ ಇತ್ತು.

ಮಾವ ನೀರು ಕುಡಿದರು, ಎಳನೀರು ಕುಡಿದರು. ಭಾವನ ಹೆಗಲು ಹಿಡಿದು ಬಾತ್‌ರೂಮಿಗೆ ಹೋದರು, ಬರಿಗೈಯಲ್ಲಿ ವಾಪಸ್ ಬಂದರು. "ಬಾಗಲಾ ಹಾಕ್ಕೊಂಡ್ರ ಉಸುರು ಕಟ್ಟಿದಂಗ ಆಗ್ತದ. ಬಯಲಾಗ ಕುಂತು ರೂಢಿ," ಎಂದರು. ಸಪ್ಪಳ ಕೇಳಿದರೆ ಬರುತ್ತದೆ, ನಲ್ಲಿ ಬಿಡಿ ಎಂದರು ಸಿಸ್ಟರ್. ನಲ್ಲಿ ಬಿಟ್ಟರೆ ಗಾಳಿ ಬಂತು. ಅಷ್ಟರಲ್ಲಿ ಸುದ್ದಿ ವಾರ್ಡೆಲ್ಲಾ ಹಬ್ಬಿತ್ತು. ಮಾವ ಹೊರಗೆ ಬಂದಾಗಲೆಲ್ಲ ಪ್ರತಿ ಮಂಚದಿಂದಲೂ "ಆತೇನ್ರಿ?" ಎಂಬ ಕೂಗು. ಕಸ ಗುಡಿಸುವಾಕೆಯೂ ಕೇಳಿ ಹೋದಳು. ಕೇಳಿದಷ್ಟೂ ಮಾವನಿಗೆ ಇನ್ನಷ್ಟು ಕಟ್ಟಿತು.

ಮಧ್ಯಾಹ್ನ ಇಳಿಯುತ್ತಿದ್ದಂತೆ ನನ್ನ ತಾಯಿ ಮಾನ್ವಿಯಿಂದ ಮಗಳನ್ನು ಕರೆತಂದರು. ಅವಳು ನನ್ನ ಸೊಂಟ ಏರಿ ಕೂತಳು. ಆಗಲೇ ಸಿಸ್ಟರ್ ಬಂದು ಹೊಸ ಪೈಪಿನ ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟರು. ಅತ್ತೆ ಅದನ್ನು ನೋಡಿದರು, ಖಾಲಿ ಮಂಚವನ್ನು ನೋಡಿದರು, ಕಣ್ಣಲ್ಲಿ ನೀರು ತಂದುಕೊಂಡರು. ಮಾವ ಕೊನೆಯ ಸಲ ಎಂಬಂತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಚಾಚಿ ಅತ್ತೆಯ ಭುಜ ಹಿಡಿದು ಅಲುಗಿಸಿದರು. "ಅಳ್ತೀ ಯಾಕಮ್ಮಾ? ಮಕ್ಕಳನ್ನ ಕಾಲ ಮ್ಯಾಲ ಕುಂದ್ರಿಸಿ ಹೆಂಗ ಉಚ್ಚಿ ಹೊಯ್ಯಿಸ್ತಿದ್ದಿ? ಅದೇ ಮಾಡು!"

ಅತ್ತೆ ಒಂದು ಕ್ಷಣ ನಾಚಿದರು. ಆಮೇಲೆ ಬಾಗಿಲಿಗೆ ಬಾಯಿ ಹಚ್ಚಿ, ಮೆಲ್ಲಗೆ, "ಸ್ಸ್ಸ್ಸ್..." ಎಂದರು.

ಚಾಚಿ ಜೊತೆಗೂಡಿದರು. "ಸ್ಸ್ಸ್ಸ್ಸ್..." ನನ್ನ ತಾಯಿಯೂ ಸೇರಿದರು. ಅದು ಗಂಡಸರ ವಾರ್ಡು. ಪ್ರತಿ ಮಂಚದ ಪಕ್ಕ ಒಬ್ಬ ಹೆಂಡತಿಯೋ ತಾಯಿಯೋ ಇದ್ದೇ ಇದ್ದಳು, ಎಲ್ಲರೂ ಮಕ್ಕಳನ್ನು ಸಾಕಿದವರೇ. ಒಬ್ಬೊಬ್ಬರಾಗಿ ಎಲ್ಲರೂ ಶುರು ಮಾಡಿದರು. ಮಾವನ ಎದುರು ಬಾಯಿ ತೆರೆಯಬಾರದ ನಾನೂ, ನಡುವೆ ಬಾಗಿಲು ಇದೆಯಲ್ಲ ಎಂದುಕೊಂಡು ಸೆರಗಿನೊಳಗೇ "ಸ್ಸ್ಸ್" ಎಂದೆ. ಇಡೀ ವಾರ್ಡು ಕುಕ್ಕರಿನ ಹಾಗೆ ಸದ್ದು ಮಾಡುತ್ತಿತ್ತು.

ಸಿಸ್ಟರ್ ಚಪ್ಪಲಿ ಬಿಟ್ಟು ಓಡಿ ಬಂದರು. "ಆಕ್ಸಿಜನ್ ಎಲ್ಲಿ ಲೀಕ್ ಆಗಾಕತ್ತದ? ಯಾರೂ ಕಡ್ಡಿ ಗೀರಬ್ಯಾಡ್ರಿ!"

ಅಷ್ಟರಲ್ಲಿ ಬಾಗಿಲಿನ ಆಚೆಯಿಂದ ಧಾರೆಯ ಸದ್ದು ಬಂತು. ಎಲ್ಲರೂ ಉಸಿರು ಹಿಡಿದು ಕೇಳಿದೆವು. ನಿಲ್ಲದೆ, ಒಂದೇ ಸಮನೆ, ಬಹಳ ಹೊತ್ತು. ಆಮೇಲೆ ಮಾವನ ದನಿ: "ಸಾಕ್ ಬಿಡ್ರಬೇ, ಆತು! ಬಂದ್ ಮಾಡ್ರಿ!"

ಚಾಚಿ ಅತ್ತೆಯನ್ನು ಅಪ್ಪಿಕೊಂಡರು. ಸಿಸ್ಟರ್ ನಗುತ್ತಲೇ ಹೊಸ ಪ್ಯಾಕೆಟ್ಟನ್ನು ಎತ್ತಿಕೊಂಡು ಹೋದರು. ಸಂಜೆಗೆ ಮೈಬಿಸಿಯೂ ಇಳಿಯಿತು, ಪರೀಕ್ಷೆಯಲ್ಲೂ ಏನೂ ಬರಲಿಲ್ಲ. ಅದು ಆಮೇಲಿನ ಮಾತು, ಮಾವ ಬಾತ್‌ರೂಮಿನಿಂದ ಹೊರಗೆ ಬಂದಾಗ ಮೀಸೆ ತಿರುವುತ್ತಿದ್ದರು, ಮಂಚ ಮಂಚದಿಂದ ಚಪ್ಪಾಳೆ.

ನಾನೊಬ್ಬಳೇ ಚಪ್ಪಾಳೆ ತಟ್ಟಲಿಲ್ಲ. ಅಷ್ಟು ಜನ ತಾಯಂದಿರ ಮಾತನ್ನು ಮಾವನಿಗಿಂತ ಮೊದಲು ಕೇಳಿದವಳು ನನ್ನ ಸೊಂಟದ ಮೇಲೆ ಕೂತಿದ್ದಳು, ನನ್ನ ಸೀರೆ ಪಾದದವರೆಗೂ ತೊಯ್ದಿತ್ತು.