ಹೆಸರಿಲ್ಲದ ಎರಡು ಪ್ರಬಂಧಗಳು

ಈ ಸಂಭಾಷಣೆಯನ್ನು ಏರ್ಪಡಿಸಲು ಹನ್ನೊಂದು ಚೀಟಿಗಳು ಬೇಕಾದವು. ತತ್ತ್ವಶಾಸ್ತ್ರ ವಿಭಾಗದ ವಿದ್ವತ್ ವಿನಿಮಯದ ಇತಿಹಾಸವನ್ನು ಅಲ್ಲಿನವರ ಬಾಯಿಂದಲೇ ಕೇಳಿ ದಾಖಲಿಸುವುದು ನನಗೆ ವಹಿಸಲಾಗಿದ್ದ ಕೆಲಸ. ವಿಭಾಗದಲ್ಲಿ ಉಳಿದಿದ್ದ ಅಧ್ಯಾಪಕರು ಇಬ್ಬರೇ: ಅಧ್ಯಕ್ಷರು ಮತ್ತು ಒಬ್ಬ ಪ್ರಾಧ್ಯಾಪಕಿ. ಇಬ್ಬರದೂ ವರ್ಷಕ್ಕೊಮ್ಮೆ ನವೀಕರಣಗೊಳ್ಳುವ ನೇಮಕಾತಿ. ಕೊಠಡಿಗಳು ಎದುರುಬದುರು, ಆದರೂ ಅವರು ಇವರ ಹೊಸ್ತಿಲು ದಾಟಲೊಲ್ಲರು, ಇವರು ಅವರದನ್ನು ದಾಟಲೊಲ್ಲರು. ಕೊನೆಗೆ, ಇಬ್ಬರಿಗೂ ಸೇರದ ಬೆರಳಚ್ಚು ಕೋಣೆ ಗೊತ್ತಾಯಿತು. ಚೀಟಿಗಳನ್ನು ಅತ್ತಿಂದಿತ್ತ ಹೊತ್ತವರೂ ಕುರ್ಚಿಗಳ ಧೂಳು ಒರೆಸಿದವರೂ ಬೆರಳಚ್ಚುಗಾರ್ತಿಯೇ.

ಆಗ ಪರಿಶೀಲನಾ ಸಮಿತಿಯು ವಿಭಾಗವನ್ನು ಮುಚ್ಚುವ ಯೋಚನೆಯಲ್ಲಿತ್ತು. ಇಲ್ಲಿ ವಿದ್ವಾಂಸರು ಪರಸ್ಪರ ಚರ್ಚಿಸುತ್ತಾರೆ ಎಂಬುದಕ್ಕೆ ಸೋಮವಾರದೊಳಗೆ ಲಿಖಿತ ಪುರಾವೆ ಕೇಳಿತ್ತು. ವಿಭಾಗದ ಪದ್ಧತಿಯಂತೆ ಇಬ್ಬರೂ ಹೆಸರು ಹಾಕದೆ ಒಂದೊಂದು ಪ್ರಬಂಧ ಬರೆಯಬೇಕು. ಒಬ್ಬರದನ್ನು ಇನ್ನೊಬ್ಬರು ವಿಮರ್ಶಿಸಬೇಕು. ಶುಕ್ರವಾರ ನಾನು ಧ್ವನಿಮುದ್ರಣ ಯಂತ್ರದ ಗುಂಡಿ ಒತ್ತುವ ವೇಳೆಗೆ ಜಗಳ ಅರ್ಧ ದಾರಿ ಕ್ರಮಿಸಿತ್ತು.

ಪ್ರಾಧ್ಯಾಪಕಿ: ಒಂಬತ್ತು ಪುಟ! ಒಂಬತ್ತು ಪುಟ ಬೈದಿದ್ದೀರಲ್ರೀ ನನ್ನನ್ನ!

ಅಧ್ಯಕ್ಷರು: ಬೈದಿಲ್ಲ, ವಿಮರ್ಶೆ ಮಾಡಿದ್ದೀನಿ. ಬೈಯೋದಾಗಿದ್ರೆ ಅರ್ಧ ಪುಟ ಸಾಕಿತ್ತು.

ಪ್ರಾಧ್ಯಾಪಕಿ: ‘ಈ ಲೇಖಕರಿಗೆ ತರ್ಕದ ಗಾಳಿಯೂ ಸೋಕಿಲ್ಲ.’ ಇದು ವಿಮರ್ಶೆನಾ?

ಅಧ್ಯಕ್ಷರು: ಸೋಕಿದ್ರೆ ಒಂದು ನೆಗಡಿಯಾದ್ರೂ ಆಗ್ತಿತ್ತು. ನೀವೇನು ಕಮ್ಮಿನಾ? ನನ್ನ ಪ್ರಬಂಧಕ್ಕೆ ಏನಂದಿದ್ದೀರಿ? ‘ದಾರಿ ತಪ್ಪಿದ ಬುದ್ಧಿಯ ವಾಯುವಿಹಾರ’!

ಪ್ರಾಧ್ಯಾಪಕಿ: ಮೊದಲು ಬೇರೆ ಬರೆದಿದ್ದೆ. ಹೋಗಲಿ ಪಾಪ, ವಯಸ್ಸಾಗಿದೆ ಅಂತ ಹೊಡೆದುಹಾಕಿದೆ.

ನಾನು: ಹಿಂದಿನ ವರ್ಷಗಳಲ್ಲೂ ಇಷ್ಟೇ ವಿಸ್ತಾರವಾಗಿ ಬರೀತಿದ್ರಾ?

ಬೆರಳಚ್ಚುಗಾರ್ತಿ: (ಯಂತ್ರದ ಹಿಂದಿನಿಂದ) ‘ಚಿಂತನಾರ್ಹ’. ಹತ್ತೊಂಬತ್ತು ವರ್ಷ ಅದೊಂದೇ ಪದ ಸಾರ್, ಇಬ್ಬರದೂ. ಟೈಪ್ ಮಾಡಿ ಮಾಡಿ ನನ್ನ ಬೆರಳಿಗೇ ಬಾಯಿಪಾಠ ಆಗಿದೆ.

ಅಧ್ಯಕ್ಷರು: ನೀವು ಸುಮ್ಮನಿರಿ. ಓದದೇ ಅಭಿಪ್ರಾಯ ಕೊಡೋಕೂ ಒಂದು ಪರಿಣತಿ ಬೇಕು. ಈ ಸಲ ಸಮಿತಿ ಕತ್ತಿನ ಮೇಲೆ ಕೂತಿದೆ, ಅದಕ್ಕೆ ಓದಿದ್ದು.

ಅಧ್ಯಕ್ಷರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕೆಂಪು ಗೆರೆ ಎಳೆದಿದ್ದ ವಾಕ್ಯವೊಂದನ್ನು ಹುಡುಕಿ ತೆಗೆದರು.

ಅಧ್ಯಕ್ಷರು: ಕೇಳಿ. ‘ಅರಿಯದುದನ್ನು ಅರಿಯದೆಯೇ ಉಳಿಸುವುದು ಅರಿವಿನ ಮೊದಲ ಸೌಜನ್ಯ.’ ಇದಕ್ಕೇನ್ರೀ ಅರ್ಥ? ಹೇಳಿ, ಯಂತ್ರ ಓಡ್ತಿದೆ.

ಪ್ರಾಧ್ಯಾಪಕಿ: ನನಗೇನು ಗೊತ್ತು? ಬರೆದೋರನ್ನ ಕೇಳಿ.

ಅಧ್ಯಕ್ಷರು: ಬರೆದೋರನ್ನೇ ಕೇಳ್ತಿರೋದು!

ಪ್ರಾಧ್ಯಾಪಕಿ: ನಾನಾ? ಇಂಥ ವಾಕ್ಯ ಬರೆಯೋ ಬದಲು ಕೈಕಟ್ಟಿ ಕೂರ್ತೀನಿ. ನಿಮ್ಮದು ಹೇಳಿ. ‘ಕಾಲವು ಕುರ್ಚಿಯಂತೆ; ಕುಳಿತವನಿಗೆ ಕಾಣದು.’ ಬರೆದಾಗ ಜ್ವರ ಇತ್ತಾ?

ಅಧ್ಯಕ್ಷರು: ಕಾಲಾನೂ ಕುರ್ಚಿನೂ ಒಟ್ಟಿಗೆ ನಾನು ಜನ್ಮದಲ್ಲಿ ತಂದಿಲ್ಲ. ನಿಮ್ಮ ಕಸ ನನ್ನ ಬಾಗಿಲಿಗೆ ಗುಡಿಸಬೇಡಿ.

ಪ್ರಾಧ್ಯಾಪಕಿ: ಹಾಗಾದ್ರೆ ಯಾರು ಬರೆದಿದ್ದು, ಗೋಡೆನಾ?

ಬೆರಳಚ್ಚುಗಾರ್ತಿ ಎದ್ದು ಬಂದರು. ಎರಡೂ ಪ್ರತಿಗಳ ಮೊದಲ ಪುಟಕ್ಕೆ ಗುಂಡುಸೂಜಿಯಿಂದ ಚುಚ್ಚಿದ್ದ ಹಳದಿ ಚೀಟಿಗಳ ಮೇಲೆ ಬೆರಳಿಟ್ಟರು.

ಬೆರಳಚ್ಚುಗಾರ್ತಿ: ಈ ಚೀಟಿ ಓದಿದ್ರಾ?

ಅಧ್ಯಕ್ಷರು: ಚೀಟಿ ಓದೋಕೆ ನಾವೇನು ಗುಮಾಸ್ತರಾ?

ಬೆರಳಚ್ಚುಗಾರ್ತಿ: ‘ತಮ್ಮ ಪ್ರಬಂಧದ ಕರಡು. ಟೈಪಿನ ತಪ್ಪು ತಿದ್ದಿ ಹಿಂತಿರುಗಿಸಿ.’ ಅವರವರದ್ದನ್ನ ಅವರವರಿಗೇ ಕಳಿಸಿದ್ದೆ ಸಾರ್. ತಿದ್ದಿ ಕೊಟ್ಟ ಮೇಲೆ ಅದಲುಬದಲು ಮಾಡೋಣ ಅಂತ. ಒಂದು ಒತ್ತಕ್ಷರ ತಿದ್ದಲಿಲ್ಲ ನೀವು. ಒಂಬತ್ತೊಂಬತ್ತು ಪುಟ ಉಗಿದು ಕಳಿಸಿದ್ರಿ.

ಅಧ್ಯಕ್ಷರು ಕನ್ನಡಕವನ್ನು ಮೇಲಕ್ಕೆ ಸರಿಸಿ, ಕೆಂಪು ಗೆರೆಯ ವಾಕ್ಯಕ್ಕೆ ಮರಳಿದರು.

ಅಧ್ಯಕ್ಷರು: ‘ಅರಿಯದುದನ್ನು ಅರಿಯದೆಯೇ ಉಳಿಸುವುದು…’ ನಿಧಾನವಾಗಿ ನೋಡಿದ್ರೆ, ಇದರಲ್ಲೊಂದು ಆಳ ಇದೆ.

ಪ್ರಾಧ್ಯಾಪಕಿ: ಐದು ನಿಮಿಷದ ಹಿಂದೆ ಇರಲಿಲ್ವಾ?

ಅಧ್ಯಕ್ಷರು: ಆಗ ನಿಮ್ಮದು ಅಂದ್ಕೊಂಡಿದ್ದೆ.

ಪ್ರಾಧ್ಯಾಪಕಿ: ಹೂಂ. ಕುರ್ಚಿಯ ಉಪಮೆನೂ ಅಷ್ಟು ತೆಗೆದುಹಾಕೋ ಹಾಗಿಲ್ಲ ಬಿಡಿ.

ಬೆರಳಚ್ಚುಗಾರ್ತಿ: ಸೋಮವಾರ ಹನ್ನೊಂದಕ್ಕೆ ಸಮಿತಿಗೆ ಕೊಡಬೇಕು. ಈಗಲಾದ್ರೂ ಅದಲುಬದಲು ಮಾಡ್ಕೊಂಡು ಓದಿ ಬರೀತೀರಾ?

ಅಧ್ಯಕ್ಷರು: ಇವರ ಪ್ರಬಂಧಾನಾ? ಪೂರ್ತಿನಾ?

ಪ್ರಾಧ್ಯಾಪಕಿ: ನನ್ನ ಶನಿವಾರ, ಭಾನುವಾರ ಇವರ ಅರಿವಿಗೆ ಬಲಿ ಕೊಡೋಕಾಗಲ್ಲಮ್ಮ.

ಬೆರಳಚ್ಚುಗಾರ್ತಿ: ಕೊಡದಿದ್ರೆ ವಿಭಾಗಕ್ಕೆ ಬೀಗ. ನಿಮ್ಮನ್ನ ಮನೆಗೆ ಕಳಿಸ್ತಾರೆ, ನನ್ನನ್ನ ಉತ್ತರಪತ್ರಿಕೆ ಗೋದಾಮಿಗೆ.

ಪ್ರಾಧ್ಯಾಪಕಿ: ಇರೋದನ್ನೇ ಕಳಿಸಿ. ಹೆಸರಿಲ್ವಲ್ಲ! ಯಾರನ್ನ ಯಾರು ಬೈದ್ರು ಅಂತ ಯಾರಿಗೆ ಗೊತ್ತಾಗುತ್ತೆ?

ಅಧ್ಯಕ್ಷರು: ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಿಮ್ಮ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ.

ಪ್ರಾಧ್ಯಾಪಕಿ: (ನನ್ನ ಕಡೆಗೆ ತಿರುಗಿ) ಇದನ್ನ ಬರ್ಕೊಳ್ಳಿ. ವಿದ್ವತ್ ವಿನಿಮಯ ಅಂದ್ರೆ ಇದೇ.

ಸೋಮವಾರ ಪುರಾವೆ ಸಲ್ಲಿಕೆಯಾಯಿತು. ಸಮಿತಿಯು ಪ್ರಬಂಧಗಳನ್ನು ಓದಲಿಲ್ಲ. ವಿಮರ್ಶೆಗಳನ್ನು ಮಾತ್ರ ಓದಿ ಬೆರಗಾಯಿತು. ಇಷ್ಟು ನಿಷ್ಠುರವಾದ ವಿದ್ವತ್ತು ಇರುವ ವಿಭಾಗವನ್ನು ಮುಚ್ಚಕೂಡದು, ವಿಮರ್ಶಕರಿಬ್ಬರನ್ನೂ ಮುಂದುವರಿಸತಕ್ಕದ್ದು, ಅವರು ಇಷ್ಟು ಸ್ಪಷ್ಟವಾಗಿ ಅಯೋಗ್ಯರೆಂದು ತೋರಿಸಿಕೊಟ್ಟಿರುವ ಪ್ರಬಂಧಕಾರರಿಬ್ಬರನ್ನೂ ಕೂಡಲೇ ಸೇವೆಯಿಂದ ಬಿಡುಗಡೆ ಮಾಡತಕ್ಕದ್ದು ಎಂದು ನಿರ್ಣಯಿಸಿ, ಹೆಸರುಗಳ ಎರಡು ಪಟ್ಟಿಗಳನ್ನು ಕೇಳಿತು. ಬೆರಳಚ್ಚುಗಾರ್ತಿ ಎರಡನ್ನೂ ಒಂದಕ್ಷರ ತಪ್ಪಿಲ್ಲದೆ ಟೈಪ್ ಮಾಡಿ ಕಳಿಸಿದರು.

ದಾಖಲೆಯ ಕೊನೆಯ ನಮೂದು: 2003ರ ಜುಲೈ 28, ಅದರ ಮುಂದಿನ ಸೋಮವಾರ, ಅಧ್ಯಕ್ಷರಿಗೂ ಪ್ರಾಧ್ಯಾಪಕಿಗೂ ತಲಾ ಒಂದು ಲಕೋಟೆ ತಲುಪಿತು, ಪ್ರತಿಯೊಂದರಲ್ಲೂ ಒಂದು ಬಿಡುಗಡೆ ಆದೇಶ ಮತ್ತು ಒಂದು ಮರುನೇಮಕಾತಿ ಆದೇಶ ಇದ್ದವು.