ಚನಮಲ್ಲಪ್ಪ ಮಾಸ್ತರರ ಮುಷ್ಟಿಯೂ ಮಣ್ಣಿನ ತಾಟೂ

"ಆರು ತಾಟು ಕಳಿಸ್ಯಾಳ. ಆರಕ್ಕ ಆರೂ ಹಂಗ ತಿರುಗಿ ತೋರಿಸ್ತೀನಿ! ಒಂದಕ್ಕ ಕೂದಲೆಳಿಯಷ್ಟು ಬಿರುಕು ಬಿದ್ರೂ ನಾ ಚನಮಲ್ಲಪ್ಪನ ಅಲ್ಲ!"

ಜಮಖಂಡಿಯ ನಿವೃತ್ತ ಪಿ.ಟಿ. ಮಾಸ್ತರ ಚನಮಲ್ಲಪ್ಪನವರು ಹೀಗೆ ಎದೆ ತಟ್ಟಿಕೊಂಡಾಗ, ಹೆಂಡತಿ ಸಾವಿತ್ರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದವಳು. ಮತ್ತೆ ರೊಟ್ಟಿ ಬಡಿಯತೊಡಗಿದಳು.

ತಪ್ಪೆಲ್ಲ ಮಾಸ್ತರರ ನಾಲಿಗೆಯದು! ಮಗ ಸಂಜಯನಿಗೆ ಹೆಣ್ಣು ನೋಡಲು ರಬಕವಿಗೆ ಹೋಗಿದ್ದರು. ಹುಡುಗಿ ಮನೀಷಾ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಣ್ಣಿನ ತಾಟು, ಬಟ್ಟಲು ಮಾಡಿ ಸುಟ್ಟು, ಅವುಗಳ ಅಂಚಿಗೆ ತಮ್ಮೂರಿನ ಸೀರೆಗಳ ದಡಿಯನ್ನೇ ಕುಂಚದಿಂದ ಬರೆದು ಮಾರುತ್ತಾಳೆ. ಹುಡುಗನಿಗೆ ಹುಡುಗಿ ಮನಸ್ಸಿಗೆ ಬಂದಿದ್ದಳು, ಹುಡುಗಿಯೂ ನಕ್ಕಿದ್ದಳು. ಅಷ್ಟರಲ್ಲಿ ನಮ್ಮ ಮಾಸ್ತರರು ಅವಲಕ್ಕಿ ಅಗಿಯುತ್ತ ಬಾಯಿ ತೆರೆದರು: "ಎಂ.ಎ. ಕಲ್ತು ಮಣ್ಣು ಕಲಸೂದೇನ್ರಿ? ಇದೆಲ್ಲ ಕೂಸುಗಳ ಆಟ ಬಿಡ್ರಿ!"

ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಮರುದಿನವೇ ಜಮಖಂಡಿಗೆ ಒಂದು ಪೆಟ್ಟಿಗೆ ಬಂತು. ಒಳಗೆ ಹುಲ್ಲಿನಲ್ಲಿ ಸುತ್ತಿದ ಆರು ತಾಟು, ಮೇಲೊಂದು ಚೀಟಿ: "ಒಂದು ತಿಂಗಳು ಇದರಲ್ಲೇ ಊಟ ಮಾಡಿರಿ. ನಿಮ್ಮ ಮನೆಯಲ್ಲಿ ನನ್ನ ಕೆಲಸಕ್ಕೆ ಜಾಗ ಇದೆಯೋ ಇಲ್ಲವೋ ನೋಡಿ, ಆಮೇಲೆ ಒಪ್ಪಿಗೆ ಹೇಳುತ್ತೇನೆ."

"ಅಪ್ಪಾ, ಈ ಹುಡುಗಿ ತಪ್ಪಿದ್ರ ನಾ ಲಗ್ನಾನ ಆಗೂದಿಲ್ಲ, ನೋಡು ಮತ್ತ!" ಎಂದ ಸಂಜಯ.

ಮನೆಯಲ್ಲಿ ಆ ದಿನದಿಂದಲೇ ತುರ್ತು ಪರಿಸ್ಥಿತಿ ಜಾರಿಗೆ ಬಂತು! ಮಾಸ್ತರರ ಹಳೆಯ ಸೀಟಿ ಮೊಳೆಯಿಂದ ಇಳಿದು ಕೊರಳೇರಿತು. ತಾಟಿನ ಮೇಲೆ ತಾಟಿಟ್ಟರೆ ಸೀಟಿ! ಚಮಚ ತಾಗಿದರೆ ಸೀಟಿ! ಎಲ್ಲಕ್ಕಿಂತ ದೊಡ್ಡ ಅಪರಾಧವೆಂದರೆ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಗುದ್ದುವುದು. ಹುಟ್ಟಿದಾಗಿನಿಂದ ತಾಟಿನಲ್ಲೇ ಉಳ್ಳಾಗಡ್ಡಿ ಇಟ್ಟು ಮುಷ್ಟಿಯಿಂದ ಗುದ್ದಿ ರೊಟ್ಟಿ ತಿಂದ ಮನುಷ್ಯ, ಈಗ ಸಾವಿತ್ರೆವ್ವ ದುಂಡಗೆ ಹೆಚ್ಚಿಟ್ಟ ಚೂರುಗಳನ್ನು ಔಷಧದ ಗುಳಿಗೆಯಂತೆ ನುಂಗತೊಡಗಿದರು.

ಮೂರನೆಯ ದಿನ ಸಾವಿತ್ರೆವ್ವ ತಂತಿಯ ಜುಂಗಿನಿಂದ ತಾಟು ತಿಕ್ಕಲು ಕೂತಾಗ ಸೀಟಿ ಎಷ್ಟು ಜೋರಾಗಿ ಕೂಗಿತೆಂದರೆ, ಓಣಿಯ ನಾಯಿಗಳೆಲ್ಲ ಎದ್ದು ನಿಂತವು.

"ಅಷ್ಟು ಕಾಳಜಿ ಇದ್ರ ನೀವ ತೊಳ್ಕೋರಿ!"

"ತೊಳೀತೀನಿ! ಅದೇನು ಮಹಾ ವಿದ್ಯೆ?"

ಹೀಗೆ ಜೀವಮಾನದಲ್ಲಿ ಒಂದು ಲೋಟವನ್ನೂ ತೊಳೆಯದ ಮಹಾನುಭಾವರು ಲುಂಗಿ ಮೇಲಕ್ಕೆ ಕಟ್ಟಿ ಬಚ್ಚಲ ಮುಂದೆ ಕುಕ್ಕರುಗಾಲಲ್ಲಿ ಕೂತರು. ಗೋಡೆಯಾಚೆಯಿಂದ ಇಣುಕಿದ ನೆರೆಮನೆಯವರಿಗೆ, "ಯೋಗಾ ಮಾಡಾಕತ್ತೇನ್ರಿ" ಎಂದು ಹೇಳಿದರು.

ತಿಂಗಳು ತುಂಬಿತು. ಆರೂ ತಾಟು ಕ್ಷೇಮ! ಮನೀಷಾ ತನ್ನ ತಂದೆ ಬಸಗೊಂಡಪ್ಪನವರ ಜೊತೆ ಊಟಕ್ಕೆ ಬಂದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಮಾಸ್ತರರು "ಕಲಾ ಅಂದ್ರ ಹೂವಿದ್ಹಂಗರಿ, ಹಗೂರ ಹಿಡೀಬೇಕು" ಎಂದು ಭಾಷಣ ಶುರು ಮಾಡಿದ್ದರು. ಆಗ ಬಸಗೊಂಡಪ್ಪನವರು ಹೆಚ್ಚಿದ ಉಳ್ಳಾಗಡ್ಡಿ ನೋಡಿ ಮುಖ ಕಿವುಚಿದರು.

"ಇದು ಬೆಂಗಳೂರು ಮಂದಿ ತಿನ್ನೂದಾತ್ರಿ ಮಾಸ್ತರ. ನಿಮ್ಮ ಮನ್ಯಾಗ ಗುದ್ದಿದ ಉಳ್ಳಾಗಡ್ಡಿ ತಿನ್ನೂದಿಲ್ಲೇನ್ರಿ?"

ಏನು! ಚನಮಲ್ಲಪ್ಪನಿಗೆ ಈ ಮಾತೇ?

"ತಿನ್ನೂದಿಲ್ಲ ಅಂತೀರೇನ್ರಿ? ಲೇ ಸಂಜ್ಯಾ, ಒಂದು ಗಡ್ಡಿ ತಾರಲೇ!"

ಸಾವಿತ್ರೆವ್ವ "ರೀ, ರೀ..." ಅನ್ನುವಷ್ಟರಲ್ಲಿ ಮುಷ್ಟಿ ಇಳಿದಿತ್ತು. ಉಳ್ಳಾಗಡ್ಡಿ ನಾಲ್ಕು ಹೋಳು. ತಾಟು ಎರಡು.

ಮಾಸ್ತರರು ಗಕ್ಕನೆ ಬಿರುಕಿನ ಮೇಲೆ ರೊಟ್ಟಿ ಮುಚ್ಚಿ, ಎಡಗೈಯಿಂದ ಎರಡೂ ಹೋಳು ಒತ್ತಿ ಹಿಡಿದರು.

"ಏನ್ರಿ ಅದು ಸಪ್ಪಳ?" ಎಂದರು ಬಸಗೊಂಡಪ್ಪ.

"ಉಳ್ಳಾಗಡ್ಡಿ ಭಾಳ ಬಲತೈತ್ರಿ!"

ಎಣ್ಣೆಗಾಯಿಯ ಎಣ್ಣೆ ಮಾತ್ರ ಸುಳ್ಳು ಹೇಳಲಿಲ್ಲ. ಅದು ಬಿರುಕಿನಿಂದ ಇಳಿದು ಬಿಳಿ ಧೋತರದ ಮೇಲೆ ಕೃಷ್ಣೆಯ ನಕಾಶೆ ಬರೆಯತೊಡಗಿತು.

"ಕೈ ಬಿಡ್ರಿ ಮಾವಾರ" ಎಂದಳು ಮನೀಷಾ.

ಬಿಟ್ಟರು. ತಾಟು ಬಾಯಿ ಬಿಟ್ಟಿತು. ಸಂಜಯನ ಮುಖದಲ್ಲಿ ರಕ್ತವಿರಲಿಲ್ಲ. ಅದನ್ನು ನೋಡಿ ಮಾಸ್ತರರು ಮನೀಷಾಳತ್ತ ತಿರುಗಿದರು.

"ತಪ್ಪು ನಂದವಾ. ಅವತ್ತ ಆಡಿದ್ದೂ ತಪ್ಪು, ಇವತ್ತ ಗುದ್ದಿದ್ದೂ ತಪ್ಪು. ಹುಡುಗನ ಮ್ಯಾಲೆ ಸಿಟ್ಟಾಗಬ್ಯಾಡ."

ಮನೀಷಾ ಪಕ್ಕದ ತಾಟಿನ ಅಂಚಿನ ಮೇಲೆ ಬೆರಳಾಡಿಸಿದಳು. ಬಣ್ಣ ಮಾಸಿರಲಿಲ್ಲ, ಒಂದು ಗೀರೂ ಇರಲಿಲ್ಲ.

"ಇವನ್ನ ಯಾರು ತೊಳಿತಿದ್ರಿ?"

"ನಾ ಮುಟ್ಟಿಲ್ಲವಾ, ಖರೆ. ತಿಂಗಳಪೂರ್ತಿ ಇವರ ತೊಳದಾರ" ಎಂದಳು ಸಾವಿತ್ರೆವ್ವ.

ಮನೀಷಾ ಮಾಸ್ತರರನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕುಬಿಟ್ಟಳು. "ಹಂಗಾದ್ರ ನನಗ ಒಪ್ಪಿಗಿ ಐತ್ರಿ."

ಮಾಸ್ತರರ ಎದೆ ಮತ್ತೆ ಉಬ್ಬಿತು! ವಾರವಿಡೀ ಓಣಿಯಲ್ಲಿ, "ಹುಡುಗಿ ಒಪ್ಪಿದ್ದು ನನ್ನ ನೋಡಿ!" ಎಂದು ಸಾರಿದರು. ಎಂಟನೆಯ ದಿನ ರಬಕವಿಯಿಂದ ಮತ್ತೊಂದು ಪೆಟ್ಟಿಗೆ ಬಂತು. ಹೊಸ ಹನ್ನೆರಡು ಮಣ್ಣಿನ ತಾಟು. ತಳದಲ್ಲೊಂದು ದಪ್ಪನೆಯ ಸ್ಟೀಲ್ ತಾಟು, ಅದರ ಅಂಚಿಗೆ ಚೆಂದವಾಗಿ ಬರೆದ ಕೆಂಪು ಉಳ್ಳಾಗಡ್ಡಿ.

ಸಾವಿತ್ರೆವ್ವ ಚೀಟಿ ಓದಿದಳು: "ಸ್ಟೀಲಿನದು ಮಾವನವರಿಗೆ ಉಣ್ಣಲು. ಉಳಿದ ಹನ್ನೆರಡು ಮಾವನವರಿಗೆ ತೊಳೆಯಲು."

ಆಮೇಲೆ ಮೊಳೆಗೆ ತೂಗುಹಾಕಿದ್ದ ಸೀಟಿಯನ್ನು ತೆಗೆದು, ಸೆರಗಿನಿಂದ ಒರೆಸಿ, ಬಾಯಿಗಿಟ್ಟು ಜೋರಾಗಿ ಊದಿದಳು.

"ಏಳ್ರಿ ಮಾಸ್ತರ, ಯೋಗಾದ ಹೊತ್ತಾತು!"